ಸೋಮವಾರವೇ ಹೊರಟ ಕುಂಚಿಗೆ

ಹಳೆಯ ಕಾರನ್ನು ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು. ಕೊಳ್ಳುವವರು ನೋಡಲು ಬರುವ ಮುಂಚೆ ಒಳಗೆಲ್ಲ ಒಮ್ಮೆ ಒರೆಸಿಬಿಡೋಣವೆಂದು ಹಿಂದಿನ ಸೀಟು ಎತ್ತಿದೆ. ಬಜೆಯ ವಾಸನೆ ಬಂತು. ಸಂದಿಯಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಬಜೆಬೇರಿನ ತುಂಡು ಬಿದ್ದಿತ್ತು. ಎಳೆಮಕ್ಕಳ ಕೈಗೆ ಕಟ್ಟುತ್ತಾರಲ್ಲ, ಅಂಥದ್ದು. ಈ ಕಾರನ್ನು ಎಷ್ಟೋ ಸಲ ತೊಳೆಸಿದ್ದೇವೆ, ಸೀಟಿಗೆ ಹೊಸ ಕವರ್ ಹಾಕಿಸಿದ್ದೇವೆ, ಆದರೂ ಅದು ಅಲ್ಲೇ ಉಳಿದಿತ್ತು. ನಾನು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಿನೊಳಗೆ ಕೂತೆ. ಒಂದು ಮಳೆಗಾಲ ಪೂರ್ತಿ ಇದೇ ಕಾರಿನಲ್ಲಿ ಅಂಗೈಯಷ್ಟಿದ್ದ ಒಂದು ಕೂಸನ್ನು ಬಾಗಲಗುಂಟೆಯಿಂದ ಹೆಬ್ಬಾಳಕ್ಕೆ ಕರೆದೊಯ್ದು, ಮತ್ತೆ ಕರೆತಂದಿದ್ದೆ.

ನಾನು ಬಾಗಲಗುಂಟೆಯಲ್ಲೇ ಹುಟ್ಟಿ ಬಾಗಲಗುಂಟೆಯಲ್ಲೇ ಮದುವೆಯಾದವಳು. ಹೊಲಗಳೆಲ್ಲ ಸೈಟಾದ ಮೇಲೆ ನಮಗೆ ಉಳಿದದ್ದು ಒಂದು ಮನೆ, ಅದರ ಮೇಲೆ ಬಾಡಿಗೆಗೆ ಕೊಡುವ ಇನ್ನೊಂದು ಮನೆ, ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ. ನಮ್ಮ ಯಜಮಾನರಿಗೆ ಹೆಸರಘಟ್ಟ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರಿಗೆ ಗೇರ್ ಅಂದರೆ ಭಯ, ಹಾಗಾಗಿ ಕಾರು ನನ್ನ ಪಾಲಿಗೆ ಬಂತು. ತಲೆಕೂದಲು ಬೆಳ್ಳಗಾಗುವ ಹೊತ್ತಿಗೆ ಕಲಿತ ವಿದ್ಯೆಯಾದ್ದರಿಂದ ನಾನು ನಿಧಾನ. ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ: "ಇವ್ಳ ಕಾರಲ್ಲಿ ಕೂತ್ಕೊಂಡ್ರೆ ಇಂದುಗಡೆ ಬರೋ ಸೈಕಲ್‌ನೋನು ನಮಗೇ ಟಾಟಾ ಮಾಡ್ಕೊಂಡ್ ಓಯ್ತಾನೆ." ಹೇಳಲಿ. ಆ ವರ್ಷ ನನ್ನ ನಿಧಾನಕ್ಕೆ ಒಂದು ಉಪಯೋಗ ಬಂತು.

ಆಗ ನಮ್ಮ ಮೇಲಿನ ಮನೆಯಲ್ಲಿ ಮಹಾಂತೇಶ, ಶ್ರೀದೇವಿ ಅಂತ ಗಂಡ ಹೆಂಡತಿ ಇದ್ದರು. ರೋಣದ ಕಡೆಯವರು. ಅವನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವಳು ಮಾತು ಕಡಿಮೆ. ಮೆಟ್ಟಿಲು ಇಳಿಯುವಾಗಲೂ ಸದ್ದಾಗದ ಹುಡುಗಿ. ಮೊದಲ ಬಸಿರು. ಏಳನೇ ತಿಂಗಳಿಗೆ ಕುಬಸದ ಶಾಸ್ತ್ರ, ಅಂದರೆ ಅವರ ಕಡೆಯ ಸೀಮಂತ, ಮಾಡಿ, ಯಶವಂತಪುರದಲ್ಲಿ ರೈಲು ಹತ್ತಿಸಿ ತವರಿಗೆ ಕರೆದುಕೊಂಡು ಹೋಗಬೇಕೆಂದು ಅವಳ ತಾಯಿ ಗೌರವ್ವ ಹಸಿರು ಸೀರೆ, ಬಳೆ, ಉಂಡಿಯ ಡಬ್ಬಿ ಎಲ್ಲ ಹೊತ್ತುಕೊಂಡು ಬಂದರು. ಸೀರೆ ಉಡಿಸುವ ಮೊದಲೇ, ಮೇ ತಿಂಗಳ ಒಂದು ಗುಡುಗು ಮಳೆಯ ಸಂಜೆ, ಶ್ರೀದೇವಿಗೆ ನೋವು ಶುರುವಾಯಿತು. ಹತ್ತಿರದ ನರ್ಸಿಂಗ್ ಹೋಮಿನವರು ಕೈಚೆಲ್ಲಿ ಆಂಬುಲೆನ್ಸಿನಲ್ಲಿ ಹೆಬ್ಬಾಳದ ಆಚೆಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೆಣ್ಣು ಮಗು. ಒಂದೂವರೆ ಕೆಜಿಯೂ ಇರಲಿಲ್ಲ. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಜೂನ್ ಅರ್ಧ ಕಳೆಯುವ ತನಕ ಅಲ್ಲೇ ಇತ್ತು.

ಮಗು ಬದುಕಿತು ಅಂತ ನಾವೆಲ್ಲ ನಿಟ್ಟುಸಿರು ಬಿಡುವ ಹೊತ್ತಿಗೆ ಮಹಾಂತೇಶ ಇನ್ನೊಂದು ಸುದ್ದಿ ತಂದ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲವಂತೆ. ಹುಟ್ಟಿದ ಮೇಲೆ ಕೆಲವು ಮಕ್ಕಳಲ್ಲಿ ಸರಿಯಾಗಿ ಬೆಳೆಯುತ್ತವೆ, ಕೆಲವರಲ್ಲಿ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಅದಕ್ಕೆಂದೇ ಒಬ್ಬ ಡಾಕ್ಟರಮ್ಮ ಬರುತ್ತಾರೆ, ತಪ್ಪದೆ ತೋರಿಸಬೇಕು, ಸಮಯಕ್ಕೆ ಸಿಕ್ಕರೆ ಲೇಸರ್ ಮಾಡಿ ನಿಲ್ಲಿಸಬಹುದು, ತಡವಾದರೆ ದೃಷ್ಟಿ ಹೋಗಿಬಿಡುತ್ತದೆ.

"ಒಂದು ವಾರಾನೂ ಬಿಡೂಹಂಗಿಲ್ಲಂತರಿ ಆಂಟಿ" ಅಂದ ಮಹಾಂತೇಶ. "ನನ್ನ ಬೈಕ್ ಮ್ಯಾಲಂತೂ ಆಗೂದಿಲ್ಲ. ಆಟೋದಾಗ ಕುಲುಕ್ತೈತಿ, ಹೊಗಿ ಬ್ಯಾರೆ."

"ನಾನಿಲ್ವೇನೋ?" ಅಂದೆ. ಹೀಗೆ ನಾನು ಚಾಲಕಿಯಾದೆ.

ಮಗುವನ್ನು ಮನೆಗೆ ತರುವ ದಿನವೇ ಮೊದಲ ಜಗಳ. ಕಾರಿನಲ್ಲಿ ಕರೆದುಕೊಂಡು ಹೋಗುವುದಾದರೆ ಎಳೆಮಕ್ಕಳ ಸೀಟು ಬೇಕೇ ಬೇಕು ಅಂತ ಸಿಸ್ಟರ್ ಹೇಳಿದ್ದರು. ಮಹಾಂತೇಶ ಜೊತೆಗೆ ಕೆಲಸ ಮಾಡುವವರೊಬ್ಬರ ಮನೆಯಿಂದ ಒಂದನ್ನು ತಂದ. ಅದನ್ನು ಹಿಂದಿನ ಸೀಟಿನ ಮೇಲೆ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಬರುವ ಹಾಗೆ ಕಟ್ಟಬೇಕಿತ್ತು. ಅವನು ಫಿಟ್ಟರ್ ಆದರೂ ನಾವಿಬ್ಬರೂ ಸೇರಿ ಬೆವರು ಸುರಿಸಿ ಬಿಗಿದದ್ದಾಯಿತು. ಮಗು ಅದರಲ್ಲಿ ಎಲ್ಲೋ ಕಳೆದುಹೋಗುವಷ್ಟು ಚಿಕ್ಕದು. ಸಿಸ್ಟರ್ ತಾವೇ ಕೆಳಗೆ ಬಂದು ಎರಡು ಟವೆಲ್ಲುಗಳನ್ನು ಸುರುಳಿ ಸುತ್ತಿ ಮಗುವಿನ ಅಕ್ಕಪಕ್ಕಕ್ಕೆ ಇಟ್ಟರು. ಗದ್ದ ಎದೆಗೆ ಒತ್ತಬಾರದು, ಮೂಗು ಸದಾ ಕಾಣುತ್ತಿರಬೇಕು, ದಪ್ಪ ಕಂಬಳಿ ಸುತ್ತಿ ಬೆಲ್ಟ್ ಹಾಕಬಾರದು, ಬೆಲ್ಟ್ ಹಾಕಿದ ಮೇಲೆ ಹೊದಿಸಬೇಕು, ಪಕ್ಕದಲ್ಲಿ ಒಬ್ಬರು ಕೂತು ಉಸಿರಾಟ ನೋಡುತ್ತಲೇ ಇರಬೇಕು, ದಾರಿ ದೂರವಾದರೆ ನಿಲ್ಲಿಸಿ ಎತ್ತಿಕೊಳ್ಳಬೇಕು, ಎ.ಸಿ. ಗಾಳಿ ಮುಖಕ್ಕೆ ಬೀಸಬಾರದು. ನಾನು ತಲೆಯಾಡಿಸುತ್ತಾ ಕೇಳಿಸಿಕೊಂಡೆ. ಗೌರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಕಳ್ಳನ್ನ ಕಟ್ಟಿದಂಗ ಕೂಸನ್ನ ಕುರ್ಚಿಗೆ ಕಟ್ಟತೀರೇನು? ಉಡ್ಯಾಗ ಇಟಕೊಂಡು ಕುಂಡ್ರತೇನಿ ನಾ. ನನ್ನ ಆರು ಮಕ್ಕಳನ್ನ ಹಂಗ ಒಯ್ದೇನಿ."

"ನಿಮ್ಮ ಆರು ಮಕ್ಕಳು ತುಮಕೂರು ರಸ್ತೆ ನೋಡಿರಲಿಲ್ಲ ಗೌರವ್ವ" ಅಂದೆ ನಾನು.

ಅವರು ಮುಖ ಬಿಗಿದುಕೊಂಡು ಹತ್ತಿ ಕೂತರು. ಕೈಯಲ್ಲಿ ಊರಿನಿಂದ ತಂದಿದ್ದ ಕುಂಚಿಗೆ. ನಮ್ಮ ಕಡೆ ಕುಲಾವಿ ಹಾಕುವ ಹಾಗೆ ಅವರ ಕಡೆ ಕುಂಚಿಗೆ, ತಲೆಗೆ ಟೋಪಿಯಂತೆ ಕೂತು ಬೆನ್ನ ಮೇಲೆ ಉದ್ದಕ್ಕೆ ಇಳಿಬೀಳುತ್ತದೆ. ಹಳೆಯ ಇಳಕಲ್ ಸೀರೆಯ ಅಂಚು ಹಚ್ಚಿ ತಾವೇ ಹೊಲಿದದ್ದು. ಅದನ್ನಾದರೂ ಹಾಕುವಂತಾಗಲಿ ಅಂತ ಸಿಸ್ಟರ್ ಬೆಲ್ಟ್ ಹಾಕಿದ ಮೇಲೆ ಹೊದಿಕೆಯ ಹಾಗೆ ಹರಡಿಕೊಟ್ಟರು. ಗೌರವ್ವನ ಮುಖ ಸ್ವಲ್ಪ ಸಡಿಲಾಯಿತು.

ಮನೆಗೆ ಬಂದ ಮೇಲೆ ಓಣಿಯವರನ್ನು ತಡೆಯುವುದೇ ಒಂದು ಕೆಲಸವಾಯಿತು. ಎಲ್ಲರಿಗೂ ಮಗು ನೋಡುವ ಆಸೆ, ಎತ್ತಿಕೊಳ್ಳುವ ಆಸೆ. ಹೊರಗಿನವರು ಮುಟ್ಟಬಾರದು ಅಂತ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಾನು ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಸ್ವಂತ ನಾದಿನಿಯನ್ನೇ ಮೇಲೆ ಬಿಡಲಿಲ್ಲ. ಅವಳು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಮೊದಲ ಮಂಗಳವಾರದ ಪ್ರಯಾಣ ನನಗೆ ಚೆನ್ನಾಗಿ ನೆನಪಿದೆ. ಜಿಟಿಜಿಟಿ ಮಳೆ. ಎಂಟನೇ ಮೈಲಿ ದಾಟಿ ಜಾಲಹಳ್ಳಿ ಕ್ರಾಸಿನ ಹತ್ತಿರ ಬರುತ್ತಿದ್ದೆವು. ಮಹಾಂತೇಶನಿಗೆ ಬೆಳಗಿನ ಶಿಫ್ಟ್, ಕಾರಿನಲ್ಲಿ ನಾವು ಮೂವರೇ ಹೆಂಗಸರು. ಮಗುವಿನ ಒಂದು ಪಕ್ಕಕ್ಕೆ ಶ್ರೀದೇವಿ, ಇನ್ನೊಂದು ಪಕ್ಕಕ್ಕೆ ಗೌರವ್ವ. ಅವರ ಮಡಿಲಲ್ಲಿ ರೊಟ್ಟಿಯ ಡಬ್ಬಿ, ಬಿಸಿನೀರಿನ ಫ್ಲಾಸ್ಕು ಕಟ್ಟಿದ ಬುತ್ತಿಯ ಗಂಟು. ಎಲ್ಲಿಂದಲೋ ಒಂದು ಟೆಂಪೊ ಎಡಗಡೆಯಿಂದ ನುಗ್ಗಿ ನನ್ನ ಮುಂದೆಯೇ ತಿರುಗಿತು. ಬ್ರೇಕ್ ಒತ್ತಿದೆ. ಗಂಟು ಗೌರವ್ವನ ಮಡಿಲಿನಿಂದ ಎಗರಿ ಎರಡು ಸೀಟಿನ ಮಧ್ಯದಿಂದ ಬಂದು ಗೇರಿನ ಮೇಲೆ ಬಿತ್ತು. ಡಬ್ಬಿಯ ಮುಚ್ಚಳ ಕಳಚಿ ರೊಟ್ಟಿಯೆಲ್ಲ ನನ್ನ ಕಾಲ ಬಳಿ ಚೆಲ್ಲಿತು. ಮಗು ಇದ್ದ ಕಡೆಯೇ ಇತ್ತು. ಎಚ್ಚರ ಕೂಡ ಆಗಲಿಲ್ಲ.

ನಾನು ಟೆಂಪೊದವನಿಗೆ ಬಾಯಿಗೆ ಬಂದದ್ದು ಬೈದೆ. ಹಿಂದೆ ತಿರುಗಿ ನೋಡಿದರೆ ಗೌರವ್ವ ಖಾಲಿ ಮಡಿಲನ್ನು ನೋಡುತ್ತಿದ್ದರು.

"ಎರಡೂ ಕೈಯಾಗ ಹಿಡಕೊಂಡಿದ್ನಿ" ಅಂದರು ಮೆಲ್ಲಗೆ. "ಎರಡೂ ಕೈಯಾಗ."

ಕುರ್ಚಿಗೆ ಕಟ್ಟುವ ಬಗ್ಗೆ ಆಮೇಲೆ ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಮಂಗಳವಾರದಿಂದ ನಾನು ಕಾರಿಗೆ ಸೀಟು ಬಿಗಿದ ಬೆಲ್ಟನ್ನು ತಾವೂ ಒಮ್ಮೆ ಎಳೆದು ನೋಡುತ್ತಿದ್ದರು, ಕೆಲವೊಮ್ಮೆ "ಇನ್ನೊಂದೀಟು ಬಿಗೀರಿ ಅಕ್ಕಾರ" ಅನ್ನುತ್ತಿದ್ದರು.

ಆದರೆ ಬೇರೆ ವಿಷಯಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆಯೇ ನಡೆದಿತ್ತು. ಗೌರವ್ವ ಹರಳೆಣ್ಣೆಯ ದೀಪದ ಮಸಿ ಹಿಡಿದು ಕಾಡಿಗೆ ಮಾಡಿ ಮಗುವಿನ ಕಣ್ಣಿಗೆ ತೀಡಿ ಕರೆತಂದರು. ಕಣ್ಣು ನೋಡಬೇಕಾದ ಡಾಕ್ಟರಮ್ಮ ಮೊದಲು ಕಾಡಿಗೆ ತೊಳೆಸಬೇಕಾಯಿತು. "ಈ ಮಗುವಿನ ಕಣ್ಣಿಗೆ ನಾನು ಹೇಳಿದ ಡ್ರಾಪ್ಸ್ ಬಿಟ್ಟು ಏನೂ ಹಾಕ್ಬೇಡಿ ಅಜ್ಜಿ" ಅಂತ ಕೈಮುಗಿದು ಕೇಳಿದರಂತೆ. ಕೈಮುಗಿದದ್ದಕ್ಕೆ ಗೌರವ್ವ ಕರಗಿದರು. ಆಮೇಲೆ ದೃಷ್ಟಿಬೊಟ್ಟು ಅಂಗಾಲಿಗೆ ಇಳಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಹಾಲಿನದು. ಪರೀಕ್ಷೆಗೆ ಒಂದು ಗಂಟೆ ಮುಂಚಿನಿಂದ ಮಗುವಿಗೆ ಹಾಲು ಕೊಡುವ ಹಾಗಿರಲಿಲ್ಲ. ಕಣ್ಣು ನೋಡುವಾಗ ವಾಂತಿಯಾದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಅಂತ. ಮನೆಯಲ್ಲಿ ಕುಡಿಸಿ ಹೊರಟರೆ ಗೊರಗುಂಟೆಪಾಳ್ಯದ ಜಾಮಿನಲ್ಲಿ ಹಸಿವು ಶುರು. ಮುಂದೆ ಬಸ್ಸು, ಹಿಂದೆ ಲಾರಿ, ಗಾಜಿನ ಮೇಲೆ ಮಳೆ, ಒಳಗೆ ಮಗುವಿನ ಅಳು. ಬೆಕ್ಕಿನ ಮರಿಯಷ್ಟು ಸಣ್ಣ ದನಿ, ಆದರೆ ಕಾರು ತುಂಬುತ್ತಿತ್ತು. ಶ್ರೀದೇವಿಯ ಎದೆ ತಾನಾಗಿ ತೊಟ್ಟಿಕ್ಕಿ ರವಿಕೆ ನೆನೆಯುತ್ತಿತ್ತು. ಅವಳು ಎರಡೂ ಕೈ ಅಡ್ಡ ಕಟ್ಟಿಕೊಂಡು ಕಿಟಕಿ ಕಡೆ ತಿರುಗಿ ಅಳುತ್ತಿದ್ದಳು. ಕೊಡು ಅನ್ನಲೂ ಆಗದು, ಬೇಡ ಅನ್ನಲೂ ಆಗದು. ನಾನು ಸುಮ್ಮನೆ ಸ್ಟೀರಿಂಗ್ ಹಿಡಿದು ಕೂರುತ್ತಿದ್ದೆ. ಜೀವಮಾನದಲ್ಲಿ ಹಾರನ್ ಹೊಡೆಯದ ನಾನು ಆ ವಾರಗಳಲ್ಲಿ ಹೊಡೆದೆ.

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ. ಅವರನ್ನು ಇಳಿಸಿ, ಕೆಂಪಾಪುರದ ಒಂದು ಅಡ್ಡರಸ್ತೆಯಲ್ಲಿ ಕಾರು ಹಾಕಿಕೊಂಡು, ಫೋನ್ ಬರುವ ತನಕ ಅಲ್ಲೇ ಕೂತಿರುತ್ತಿದ್ದೆ. ಕಣ್ಣು ಹೇಗೆ ನೋಡುತ್ತಾರೆ ಅಂತ ನಾನು ಕಂಡವಳಲ್ಲ. ರೆಪ್ಪೆಗಳನ್ನು ಸಣ್ಣ ತಂತಿಯಿಂದ ಅಗಲಿಸಿ ಹಿಡಿದು ನೋಡುತ್ತಾರೆ, ಮಗು ಚೀರುತ್ತದೆ, ಆಗ ತಾಯಿ ಹೊರಗಿರುತ್ತಾಳೆ, ಅಜ್ಜಿ ಬಾಗಿಲಿಗೆ ಹಣೆ ಹಚ್ಚಿ ನಿಂತಿರುತ್ತಾಳೆ. ಇಷ್ಟನ್ನು ಶ್ರೀದೇವಿ ಹೇಳಿದ್ದು. ಮೊದಲೆರಡು ಸಲವೂ "ರಕ್ತನಾಳ ಇನ್ನೂ ಬೆಳೀತಿದೆ, ಮುಂದಿನ ವಾರ ಬನ್ನಿ" ಅಂದಿದ್ದರು ಡಾಕ್ಟರಮ್ಮ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಅದರ ಮುಂದಿನ ಮಂಗಳವಾರ ಮಣ್ಣೆತ್ತಿನ ಅಮಾವಾಸ್ಯೆ ಬಂತು.

ನಮ್ಮ ಕಡೆ ಆ ಹಬ್ಬವಿಲ್ಲ. ಅವರ ಕಡೆ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಗೌರವ್ವ ಎದುರಿನ ಸೈಟಿನಲ್ಲಿ ಪಾಯ ತೋಡಿ ಗುಡ್ಡೆ ಹಾಕಿದ್ದ ಮಣ್ಣು ತಂದು ಎರಡು ಎತ್ತು ಮಾಡಿ ಜಗಲಿಯ ಮೇಲೆ ಒಣಗಲು ಇಟ್ಟಿದ್ದರು. ನಾನು ಕೊಂಬು ಚೆನ್ನಾಗಿ ಬಂದಿದೆ ಅಂತ ಹೊಗಳಿದ್ದೆ ಕೂಡ. ಸೋಮವಾರ ಮಧ್ಯಾಹ್ನ ಮೇಲಿನಿಂದ ಜೋರು ಮಾತು ಕೇಳಿತು. ಮೆಟ್ಟಿಲು ಹತ್ತಿ ಬಾಗಿಲ ಹೊರಗೇ ನಿಂತೆ.

"ಅಮಾಸಿ. ಅದರಾಗ ಮಂಗಳವಾರ" ಅನ್ನುತ್ತಿದ್ದರು ಗೌರವ್ವ. "ಬಾಣಂತಿ, ಕೂಸು ಹೊಸ್ತಲಾ ದಾಟೂದಿಲ್ಲ. ಬುಧವಾರ ಹೋಗೂಣು."

"ಬುಧವಾರ ಡಾಕ್ಟರ್ ಇರೂದಿಲ್ಲತ್ತಿ" ಅಂದ ಮಹಾಂತೇಶ.

"ಹಂಗಾರ ಬರೂ ಮಂಗಳವಾರ. ಏಳು ದಿನಕ್ಕ ಏನಾಕ್ಕೈತಿ? ತಿಂಗಳು ತುಂಬದ ಹುಟ್ಟಿದ ಕೂಸು, ಅಮಾಸಿ ಗಾಳಿ ತಗಲಿದ್ರ ಯಾರು ಹೊಣಿ?"

ನನಗೆ ರೇಗಿತು. "ಗೌರವ್ವ, ಒಂದು ವಾರಾನೂ ಬಿಡಬೇಡಿ ಅಂದಿದ್ದಾರೆ. ನಿಮಗೆ ತಿಳಿಯಲ್ವಾ?" ಅಂತ ಬಾಗಿಲಿನಿಂದಲೇ ಕೂಗಿದೆ. "ನೀವು ತಿಳದವರು ಹೇಳ್ರಿ, ನಾ ಹಡದಾಕಿ" ಅಂತ ಅವರೂ ಏರಿಸಿದರು. ಮಹಾಂತೇಶ ಅತ್ತೆಯ ಮುಖ ನೋಡುವುದು, ನನ್ನ ಮುಖ ನೋಡುವುದು ಮಾಡುತ್ತಿದ್ದ. ಅವನಿಂದ ಏನೂ ಆಗುತ್ತಿರಲಿಲ್ಲ.

ಒಳಕೋಣೆಯಿಂದ ಶ್ರೀದೇವಿ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಮುಖ ಬಿಳಿಚಿತ್ತು. ಅವಳು ತಾಯಿಗೆ ಎದುರಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಯವ್ವಾ, ಕಣ್ಣು ಹೋದ್ರ ಬುಧವಾರ ನೀ ತಂದು ಕೊಡ್ತಿಯೇನು?"

ಗೌರವ್ವ ಗೋಡೆಗೆ ಒರಗಿ ಕುಳಿತುಬಿಟ್ಟರು. ಅವರಿಗೆ ಮೊಮ್ಮಗಳ ಕಣ್ಣು ಬೇಡವಾಗಿರಲಿಲ್ಲ. ಅವರ ಭಯ ಅವರದು, ಅದೂ ಮಗುವಿಗಾಗಿಯೇ ಇದ್ದ ಭಯ. ಅದು ನನಗೆ ಆಗ ಕಾಣಲಿಲ್ಲ ಅಂತೇನಲ್ಲ, ಆದರೆ ಕೋಪ ಇಳಿದಿರಲಿಲ್ಲ. "ನಾಳೆ ಎಂಟು ಗಂಟೆಗೆ ಕಾರ್ ಸ್ಟಾರ್ಟ್ ಮಾಡಿರ್ತೀನಿ" ಅಂತಷ್ಟೇ ಹೇಳಿ ಇಳಿದು ಬಂದೆ.

ಸಂಜೆ ದೀಪ ಹಚ್ಚುವ ಮುಂಚೆ ನಮ್ಮ ಬಾಗಿಲಲ್ಲಿ ಗೌರವ್ವ ನಿಂತಿದ್ದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಮಗುವಿನ ಕುಂಚಿಗೆ, ಅದರ ಮೇಲೆ ಒಂದು ಹಿಡಿ ಅಕ್ಕಿ, ಎಲೆ ಅಡಿಕೆ, ಅರಿಸಿನದ ಕೊಂಬು.

"ಅಕ್ಕಾರ, ಇದನ್ನ ನಿಮ್ಮ ಮನ್ಯಾಗ ಇಟಗೋರಿ. ಕೂಸಿನ ಪರಸ್ಥಾನ."

ಅವರ ಕಡೆ, ಹೊರಡಬಾರದ ದಿನ ಹೊರಡಲೇಬೇಕಾದರೆ, ಅದಕ್ಕೂ ಮೊದಲಿನ ಒಳ್ಳೆಯ ದಿನ ನೋಡಿ ಪ್ರಯಾಣಿಕರ ಒಂದು ಬಟ್ಟೆಯನ್ನೋ ಗಂಟನ್ನೋ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಮರುದಿನ ಆ ಗಂಟನ್ನು ಎತ್ತಿಕೊಂಡು ಮುಂದುವರಿಯುವುದಷ್ಟೇ. ನನ್ನ ಅಜ್ಜಿಯೂ ಇಂಥದ್ದೇನೋ ಮಾಡುತ್ತಿದ್ದದ್ದು ಮಸುಕಾಗಿ ನೆನಪಾಯಿತು.

"ಸೋಮವಾರ ಛಲೋ ದಿನ" ಅಂದರು ಗೌರವ್ವ. "ಇನ್ನ ಅಮಾಸಿ ಹತ್ತಿಲ್ಲ. ಪಂಚಾಂಗದಾಗ ನೋಡಿಸೇನಿ. ಇವತ್ತ ಹೊಂಟಂಗಾತು ನಮ್ಮ ಕೂಸು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯಾಹ್ನವಿಡೀ ಗೋಡೆಗೆ ಒರಗಿ ಕೂತು ಆ ಹೆಂಗಸು ಹುಡುಕಿದ್ದು ಇದನ್ನು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಗೂಡಿನ ಕೆಳಗೆ ಇಟ್ಟೆ. ಅಂಗಡಿಯಿಂದ ಬಂದ ಯಜಮಾನರು ವಿಷಯ ಕೇಳಿ, "ಅಂಗಾದ್ರೆ ಮಗು ಇವತ್ತೇ ಒಂಟೋಗದೆ, ನಾಳೆ ನೀವು ಓಯ್ತಿರೋದು ಬರೀ ಸಾಮಾನು ಆಕ್ಕೊಂಡು" ಅಂದರು. ಗೌರವ್ವನೂ ನಕ್ಕರು.

ಮಂಗಳವಾರ ಬೆಳಿಗ್ಗೆ ಬೇಗ ಮಣ್ಣೆತ್ತಿಗೆ ಪೂಜೆ ಮುಗಿಸಿ ಅವರು ಇಳಿದು ಬಂದರು. ನಾನು ಕುಂಚಿಗೆ ಕೊಟ್ಟೆ. ನಾನು ಸೀಟಿನ ಬೆಲ್ಟ್ ಬಿಗಿದೆ, ಶ್ರೀದೇವಿ ಟವೆಲ್ ಸುರುಳಿ ಸರಿಮಾಡಿ ಮೂಗು ಕಾಣುವಂತೆ ಹೊದಿಸಿದಳು, ಹೊರಟೆವು. ಬಿ.ಇ.ಎಲ್. ಸರ್ಕಲ್ ತನಕ ಎಲ್ಲೂ ನಿಲ್ಲಲಿಲ್ಲ. ಹೆಬ್ಬಾಳದ ಕೆರೆಯ ಮೇಲೆ ಮೋಡ ಕವಿದಿತ್ತು. ಅವರನ್ನು ಇಳಿಸಿ ನಾನು ಎಂದಿನ ಅಡ್ಡರಸ್ತೆಗೆ ಹೋದೆ.

ಫೋನ್ ಬರಲೇ ಇಲ್ಲ. ನಾನೇ ಮಾಡಿದರೆ ಎತ್ತುತ್ತಿಲ್ಲ. ಆಮೇಲೆ ಕಾರನ್ನು ಬೀಗ ಹಾಕಿ ಬಿಟ್ಟು ಮಳೆಯಲ್ಲೇ ನಡೆದುಕೊಂಡು ಹೋದೆ. ಶ್ರೀದೇವಿ ಮಗುವಿಗೆ ಹಾಲು ಕುಡಿಸಲು ಒಳಗೆ ಹೋಗಿದ್ದಳು. ಗೌರವ್ವ ಹೊರಗಿನ ಬೆಂಚಿನ ಮೇಲಿದ್ದರು. ಡಾಕ್ಟರಮ್ಮ ಅವರ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದರು.

"ಎರಡೂ ಕಣ್ಣಲ್ಲಿ ಜಾಸ್ತಿ ಆಗಿದೆ" ಅಂತ ನನಗೂ ಹೇಳಿದರು. "ನಾಳೆ ಇದಕ್ಕೆಂದೇ ಬರ್ತೀನಿ, ಲೇಸರ್ ಮಾಡಿಬಿಡೋಣ. ಸರಿಯಾದ ಟೈಮಲ್ಲಿ ಸಿಕ್ಕಿದೆ. ಮುಂದಿನ ವಾರ ಬಂದಿದ್ರೆ ನಾನು ಯಾವ ಮಾತೂ ಕೊಡೋಕಾಗ್ತಿರಲಿಲ್ಲ."

"ಈಗ ಕೊಡ್ತೀರಾ?" ಅಂದೆ.

"ಪೂರ್ತಿ ಕೊಡಲ್ಲ. ಆದ್ರೆ ಧೈರ್ಯ ಇದೆ ನಂಗೆ."

ಗೌರವ್ವ ನನ್ನ ಒದ್ದೆ ಸೆರಗು ಹಿಡಿದುಕೊಂಡರು. "ಬರೂ ಮಂಗಳವಾರ ಅಂದಿದ್ನಿ ನೋಡ್ರಿ ನಾ" ಅಂದರು. "ಅಂದಿದ್ರಿ, ಆದ್ರೆ ಬಂದ್ರಲ್ಲಾ" ಅಂದೆ. ಆಮೇಲೆ ಊರಿನವರಿಗೆಲ್ಲ ಫೋನಿನಲ್ಲಿ ಅವರು ಹೇಳಿದ್ದು, ಪರಸ್ಥಾನ ಇಟ್ಟಿದ್ದರಿಂದಲೇ ಕೂಸಿನ ಕಣ್ಣು ಸಮಯಕ್ಕೆ ಸಿಕ್ಕಿತು ಅಂತ. ನಾನು ತಿದ್ದಲು ಹೋಗಲಿಲ್ಲ. ಅವರಿಗೆ ಹಾಗೆ ಕಂಡರೆ ಹಾಗೇ ಇರಲಿ.

ಲೇಸರ್ ಆಯಿತು. ಮಗು ಮತ್ತೆ ಕೆಲವು ದಿನ ಆಸ್ಪತ್ರೆಯಲ್ಲೇ ಉಳಿಯಿತು. ಮನೆಗೆ ಬಂದಾಗ ರೆಪ್ಪೆ ಊದಿಕೊಂಡಿತ್ತಂತೆ. ಆಷಾಢ ಕಳೆಯಿತು, ಶ್ರಾವಣ ಬಂತು. ಮಂಗಳವಾರಗಳು ನಿಲ್ಲಲಿಲ್ಲ. ದಾರಿಯಲ್ಲಿ ಯಾವ ಗುಂಡಿ ಎಷ್ಟು ಆಳ ಅಂತ ನನಗೆ ಬಾಯಿಪಾಠವಾಯಿತು. ಯಾವ ಪೆಟ್ರೋಲ್ ಬಂಕಿನಲ್ಲಿ ಕಾರು ಮರೆಗೆ ನಿಲ್ಲಿಸಿ ನೆಮ್ಮದಿಯಾಗಿ ಹಾಲು ಕುಡಿಸಬಹುದು, ಎಲ್ಲಿ ಒದ್ದೆ ಬಟ್ಟೆ ಬದಲಿಸಬಹುದು, ಎಲ್ಲ ಗೊತ್ತಾಯಿತು. ಪರೀಕ್ಷೆ ಮುಗಿಸಿ ಬರುವಾಗ ಶ್ರೀದೇವಿಗೆ ಹಸಿವೋ ಹಸಿವು. ಸಂಜಯನಗರದ ಕಡೆ ತಿರುಗಿ ಒಂದು ದರ್ಶಿನಿಯ ಮುಂದೆ ನಿಲ್ಲಿಸುತ್ತಿದ್ದೆ. ಬಾಣಂತಿಗೆ ಪಥ್ಯ ಅಂತ ಗೌರವ್ವ ಮೊದಲು ಬೇಡವೆಂದರು, ಆಮೇಲೆ ಬರೀ ಇಡ್ಲಿಗೆ ಒಪ್ಪಿದರು, ಕೊನೆಗೆ ತಾವೇ ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡು ಬರುತ್ತಿದ್ದರು. ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೊಮ್ಮೆ ಆಯಿತು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಮಂಗಳವಾರ ಫೋನ್ ಬೇಗ ಬಂತು. ಮಹಾಂತೇಶ ಅವತ್ತು ರಜೆ ಹಾಕಿ ಬಂದಿದ್ದ. "ಆಂಟಿ, ಪರದೆ ಭದ್ರ ಐತಂತರಿ. ನರ ಎಲ್ಲಾ ತುದಿ ಮುಟ್ಯಾವಂತ. ಇನ್ನ ಆರು ತಿಂಗಳು ಬಿಟ್ಟು ಬರ್ರಿ ಅಂದ್ರು. ಊರಿಗೆ ಹೋಗಬಹುದಂತ" ಅಂದ. ಅಷ್ಟು ಹೇಳುವಷ್ಟರಲ್ಲಿ ಗಂಡಸು ಗೊಳೋ ಎಂದು ಅತ್ತುಬಿಟ್ಟ. ನಾನು ಆ ಅಡ್ಡರಸ್ತೆಯಲ್ಲಿ ಒಬ್ಬಳೇ ಕಾರಿನ ಚಾವಣಿಗೆ ಟಪಟಪ ಹೊಡೆದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಮುಂದೂಡಿದ್ದ ತವರಿನ ಪ್ರಯಾಣ ಕೊನೆಗೂ ಗೊತ್ತಾಯಿತು. ಗದಗಿನ ಕಡೆಗೆ ಹೋಗುವ ಸಂಜೆಯ ರೈಲು. ಹೊರಡುವ ದಿನವನ್ನು ಗೌರವ್ವ ಪಂಚಾಂಗ ನೋಡಿಯೇ ಆರಿಸಿದ್ದರು, ಹಾಗಾಗಿ ಈ ಸಲ ಪರಸ್ಥಾನದ ಗೊಡವೆಯಿರಲಿಲ್ಲ. ಯಶವಂತಪುರದ ಸ್ಟೇಷನ್ನಿಗೆ ನಾನೇ ಬಿಟ್ಟೆ. ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಗೌರವ್ವ ಅಳಿಯನಿಗೆ ಆಜ್ಞೆ ಮಾಡುತ್ತಿದ್ದರು: "ಕೆಳಗಿನ ಬರ್ತ್, ಗ್ವಾಡಿ ಕಡೆ ಕೂಸು. ಕಿಡಕಿ ಗಾಳಿ ಬ್ಯಾಡ. ಮಾರಿ ಮುಚ್ಚಬ್ಯಾಡ್ರಿ, ಮೂಗು ಕಾಣಬೇಕು." ಪಕ್ಕದಲ್ಲಿ ಶಾಲಿನೊಳಗೆ ಮಗುವನ್ನು ಪೂರ್ತಿ ಮುಚ್ಚಿಕೊಂಡು ನಿಂತಿದ್ದ ಯಾರೋ ಹೆಂಗಸಿಗೂ ಅದನ್ನೇ ಹೇಳಿ ಬಂದರು.

ರೈಲು ಬಂದು ನಿಂತಿತು. ಮಹಾಂತೇಶ ಸಾಮಾನು ಏರಿಸಲು ಹೋದ. ಶ್ರೀದೇವಿ ನನ್ನ ಹತ್ತಿರ ಬಂದು, "ಹಿಡೀರಿ ಆಂಟಿ" ಅಂತ ಮಗುವನ್ನು ನನ್ನ ಕೈಗೆ ಕೊಟ್ಟಳು.

ಆಗ ನನಗೆ ಹೊಳೆಯಿತು. ಅಷ್ಟು ತಿಂಗಳಲ್ಲಿ ನಾನು ಈ ಮಗುವನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಹೊರಗಿನವರು ಮುಟ್ಟಬಾರದು ಅಂತ ಓಣಿಗೆಲ್ಲ ಸಾರಿದವಳು ನಾನೇ, ನಾನು ಹೇಗೆ ಮುಟ್ಟಲಿ? ಕಾರಿನಲ್ಲಿ ಅದರ ಮುಖ ಯಾವಾಗಲೂ ಹಿಂದಕ್ಕೆ. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಸೀಟಿನ ಬೆನ್ನು ಮಾತ್ರ. ದನಿ ಗೊತ್ತಿತ್ತು, ಅಳು ಗೊತ್ತಿತ್ತು, ಮುಖ ಸರಿಯಾಗಿ ಗೊತ್ತಿರಲಿಲ್ಲ.

ಕೆನ್ನೆ ತುಂಬಿಕೊಂಡಿತ್ತು. ಶ್ರೀದೇವಿಯ ಮೂಗು. ಪ್ಲಾಟ್‌ಫಾರ್ಮಿನ ದೀಪದ ಕೆಳಗೆ ಕಣ್ಣು ಬಿಟ್ಟುಕೊಂಡಿತ್ತು. ನಾನು ತಲೆಯನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಕಣ್ಣು ಎಡಕ್ಕೆ ಬಂತು. ಬಲಕ್ಕೆ ಸರಿಸಿದೆ. ತಡವಾಗಿ, ನಿಧಾನವಾಗಿ, ಬಲಕ್ಕೂ ಬಂತು. ನನಗೆ ಕಣ್ಣೀರು ಬಂದು ಮುಖವೆಲ್ಲ ಒದ್ದೆಯಾಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನೋಡ್ರಿ ಅಕ್ಕಾರ, ಗುರ್ತ ಹಿಡೀತು ನಿಮ್ಮನ್ನ" ಅಂದರು ಗೌರವ್ವ.

ಗುರುತು ಹಿಡಿಯಲು ಅದು ನನ್ನನ್ನು ಎಲ್ಲಿ ನೋಡಿತ್ತು? ಅದಕ್ಕೆ ನಾನು ಯಾರೋ ಒಬ್ಬ ಮುದುಕಿ. ಆದರೆ ನೋಡಿತು. ನಾನು ಎತ್ತ ಹೋದರೆ ಅತ್ತ ನೋಡಿತು.